ದಿನಕ್ಕೆ ಒಂದು ಗಂಟೆ ಪಠ್ಯಪುಸ್ತಕ ಮುಚ್ಚಿಡಲು ಬಿಡಿ: ಲೆಕ್ಕದ ಕಾರ್ಯಕ್ರಮ ರೂಪಿಸುವವರಿಗೆ ಒಂದು ಬಹಿರಂಗ ಪತ್ರ

ಪ್ರಾಥಮಿಕ ಶಾಲೆಯ ಮಕ್ಕಳ ಲೆಕ್ಕ ಸುಧಾರಿಸಲು ಯೋಜನೆ ಹಾಕುವ ಶಿಕ್ಷಣ ಇಲಾಖೆಯ ಹಿರಿಯರಿಗೆ,

ನಮಸ್ಕಾರ. ನಾನು ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುವವಳು. ಹಿಂದುಳಿದ ಮಕ್ಕಳಿಗೆ ಕೂಡುವುದು, ಕಳೆಯುವುದು ಕಲಿಸಲು ನೀವು ಆಗಾಗ ಹೊಸ ಕಾರ್ಯಕ್ರಮ ತರುತ್ತೀರಿ. ಉದ್ದೇಶ ಒಳ್ಳೆಯದೇ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಇಂಥ ಕಾರ್ಯಕ್ರಮ ತರಗತಿಗೆ ಬಂದು ತಲುಪುವಷ್ಟರಲ್ಲಿ ಏನಾಗಿರುತ್ತದೆ ಅನ್ನುವುದನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕು, ಅಲ್ವಾ? ಕಚೇರಿಗೆ ಬರೆದ ಪತ್ರ ಫೈಲಿನಲ್ಲೇ ಉಳಿಯುತ್ತದೆ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಪೋಷಕರೂ ಓದಲಿ.

ಒಂದು ಲೆಕ್ಕ ತೆಗೆದುಕೊಳ್ಳಿ. 52ರಲ್ಲಿ 17 ಕಳೆಯಬೇಕು. ನಾಲ್ಕನೇ ತರಗತಿಯ ಮಗು 45 ಅಂತ ಬರೆಯುತ್ತದೆ. ಕೆಂಪು ಗುರುತು ಬೀಳುತ್ತದೆ, ಸೊನ್ನೆ ಅಂಕ ಬರುತ್ತದೆ, ಮಗು 'ಹಿಂದುಳಿದವರ' ಪಟ್ಟಿಗೆ ಸೇರುತ್ತದೆ. ಆದರೆ ಆ 45 ಎಲ್ಲಿಂದ ಬಂತು? 2ರಲ್ಲಿ 7 ಹೋಗುವುದಿಲ್ಲ. ಅದಕ್ಕೆ ಮಗು 7ರಲ್ಲಿ 2 ಕಳೆದು 5 ಬರೆದಿದೆ. ಆಮೇಲೆ 5ರಲ್ಲಿ 1 ಕಳೆದು 4. ಈ ಮಗುವಿಗೆ ಕಳೆಯಲು ಬರುತ್ತದೆ. ಎರಡು ಅಂಕಿ ಕೊಟ್ಟರೆ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಅನ್ನುವ ನಿಯಮ ಅದರ ತಲೆಯಲ್ಲಿದೆ. ಆ ನಿಯಮ ಕಲಿಸಿದವರು ಬೇರೆ ಯಾರೂ ಅಲ್ಲ, ಮೊದಲನೇ ತರಗತಿಯಲ್ಲಿ 'ಚಿಕ್ಕದರಲ್ಲಿ ದೊಡ್ಡದು ಹೋಗಲ್ಲ' ಅಂತ ಹೇಳಿಕೊಡುವ ನಾವೇ. ಮಗುವಿಗೆ ಗೊತ್ತಿಲ್ಲದ್ದು ಒಂದೇ: 52ರಲ್ಲಿರುವ 5 ಬರೀ ಐದಲ್ಲ, ಐದು ಹತ್ತುಗಳು.

ಇನ್ನೊಂದು ಮಗು 'ಇನ್ನೂರ ಐದು' ಅಂದರೆ 2005 ಅಂತ ಬರೆಯುತ್ತದೆ. ಇನ್ನೂರು ಬರೆದು ಪಕ್ಕದಲ್ಲಿ ಐದು ಬರೆದಿದೆ, ಕೇಳಿದ್ದನ್ನು ಕೇಳಿದ ಹಾಗೆಯೇ. ಮೂರನೆಯ ಮಗು 8 + 4 = ☐ + 5 ಅಂತ ಕೊಟ್ಟರೆ ಚೌಕದಲ್ಲಿ 12 ಹಾಕುತ್ತದೆ. ಸಮ ಚಿಹ್ನೆ ಅಂದರೆ 'ಉತ್ತರ ಇಲ್ಲಿ ಬರೆ' ಅಂತ ಅದು ತಿಳಿದುಕೊಂಡಿದೆ. ಎರಡೂ ಕಡೆ ಒಂದೇ ಬೆಲೆ ಇರಬೇಕು ಅನ್ನುವುದು ಅದಕ್ಕೆ ಯಾರೂ ತೋರಿಸಿಲ್ಲ. ಇದು ಯಾವುದೋ ಒಂದು ಶಾಲೆಯ ಸಮಸ್ಯೆ ಅಂದುಕೊಳ್ಳಬೇಡಿ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಆರನೇ ತರಗತಿಯ 145 ಮಕ್ಕಳಿಗೆ ಇದೇ ಪ್ರಶ್ನೆ ಕೇಳಿದ್ದರು. 145 ಮಕ್ಕಳೂ 12 ಅಥವಾ 17 ಅಂದರು. ಸರಿ ಉತ್ತರ 7. ಹಾಗಂದವರು ಒಬ್ಬರೂ ಇರಲಿಲ್ಲ.

ಮಕ್ಕಳ ತಪ್ಪಿಗೆ ಒಂದು ಕ್ರಮ ಇರುತ್ತದೆ ಅನ್ನುವುದು ಹೊಸ ಮಾತೂ ಅಲ್ಲ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಸಂಶೋಧಕರು ಇದನ್ನು 1978ರಲ್ಲೇ ವಿವರವಾಗಿ ತೋರಿಸಿದ್ದರು. ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಎಲ್ಲೋ ಒಂದು ಕಡೆ ದೋಷ ಇದ್ದರೆ ಪ್ರತಿ ಸಲವೂ ಅದೇ ರೀತಿಯ ತಪ್ಪು ಉತ್ತರ ಬರುತ್ತದಲ್ಲ, ಅದಕ್ಕೆ ಹೇಳುವ 'ಬಗ್' ಎಂಬ ಹೆಸರನ್ನೇ ಅವರು ಮಕ್ಕಳ ತಪ್ಪುಗಳಿಗೂ ಇಟ್ಟರು.

ಈಗ ನಿಮ್ಮ ಕಾರ್ಯಕ್ರಮಕ್ಕೆ ಬರುತ್ತೇನೆ. ಈ ಮೂರು ಮಕ್ಕಳಿಗೂ ಪರೀಕ್ಷೆಯಲ್ಲಿ ಬಂದದ್ದು ಒಂದೇ ಸೊನ್ನೆ. ಹಾಗಾಗಿ ಮೂವರ ಕೈಗೂ ಒಂದೇ ಅಭ್ಯಾಸ ಪುಸ್ತಕ ಬರುತ್ತದೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎಲ್ಲರೂ ಒಂದೇ ವೇಗದಲ್ಲಿ ಮುಗಿಸಬೇಕು. 45 ಬರೆದ ಮಗು ಅದರಲ್ಲಿ ಇನ್ನೂ ನಲವತ್ತು ಕಳೆಯುವ ಲೆಕ್ಕ ಮಾಡುತ್ತದೆ, ನಲವತ್ತನ್ನೂ ಅದೇ ತಪ್ಪು ನಿಯಮದಲ್ಲಿ. ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ, ಅಷ್ಟೇ.

ಅದರ ಜೊತೆಗೆ ಸಾಮಾನ್ಯ ತರಗತಿಯ ಪಾಠ ನಿಲ್ಲುವುದಿಲ್ಲ. ಪಠ್ಯ ಇಂತಿಷ್ಟು ದಿನದಲ್ಲಿ ಮುಗಿಯಲೇಬೇಕು. ಒಂದು ಕಡೆ 'ಪ್ರತಿ ಮಗುವನ್ನೂ ಅದರ ಮಟ್ಟದಿಂದ ಮೇಲೆತ್ತಿ' ಅಂತ ಒಂದು ಸುತ್ತೋಲೆ. ಇನ್ನೊಂದು ಕಡೆ 'ಭಿನ್ನರಾಶಿ ಪಾಠ ಯಾಕೆ ಇನ್ನೂ ಆಗಿಲ್ಲ' ಅಂತ ಇನ್ನೊಂದು ಪ್ರಶ್ನೆ. ಎರಡರಲ್ಲಿ ಶಿಕ್ಷಕರು ಯಾವುದಕ್ಕೆ ಹೆದರುತ್ತಾರೆ ಅಂತ ಹೇಳಬೇಕಾಗಿಲ್ಲ. ಪಠ್ಯ ಮುಗಿಸಿದ್ದನ್ನು ಯಾರು ಬೇಕಾದರೂ ಬಂದು ಪರಿಶೀಲಿಸಬಹುದು. ಒಂದು ಮಗುವಿಗೆ ಹತ್ತು ಅಂದರೇನು ಅನ್ನುವುದು ಅರ್ಥವಾಯಿತು ಅನ್ನುವುದನ್ನು ಯಾವ ರಿಜಿಸ್ಟರಿನಲ್ಲಿ ತೋರಿಸುವುದು?

ಪುಸ್ತಕ, ಕಿಟ್ ಕೊಟ್ಟರೆ ಸಾಕು ಅನ್ನುವ ನಂಬಿಕೆಗೆ ಕೀನ್ಯಾದಿಂದ ಒಂದು ಉತ್ತರ ಇದೆ. ಅಲ್ಲಿನ ಗ್ರಾಮೀಣ ಶಾಲೆಗಳಿಗೆ ಪಠ್ಯಪುಸ್ತಕ ಕೊಟ್ಟು, ಪರಿಣಾಮ ಏನಾಯಿತು ಅಂತ ಅರ್ಥಶಾಸ್ತ್ರಜ್ಞರಾದ ಪೌಲ್ ಗ್ಲೆವ್ವೆ, ಮೈಕೆಲ್ ಕ್ರೆಮರ್, ಸಿಲ್ವಿ ಮೂಲಾಂ ಅಳೆದು ನೋಡಿದರು. 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ಸರಾಸರಿ ಅಂಕ ಏರಲೇ ಇಲ್ಲ. ಲಾಭ ಆದದ್ದು ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ. ಯಾಕೆಂದರೆ ಆ ಪುಸ್ತಕ ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಇದ್ದದ್ದು ಅವರಿಗೇ.

ಹಾಗಾದರೆ ಕೆಲಸ ಮಾಡಿದ್ದು ಯಾವುದು? ಮುಂಬೈ ಮತ್ತು ವಡೋದರದಲ್ಲಿ ಪ್ರಥಮ್ ಸಂಸ್ಥೆ 'ಬಾಲಸಖಿ' ಅನ್ನುವ ಕಾರ್ಯಕ್ರಮ ನಡೆಸಿತ್ತು. ಮೂರು ಮತ್ತು ನಾಲ್ಕನೇ ತರಗತಿಯಲ್ಲಿ ಹಿಂದೆ ಉಳಿದ ಹದಿನೈದು ಇಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸುವುದು. ಅದೇ ಸಮುದಾಯದ ಯುವತಿಯೊಬ್ಬಳು ಅವರಿಗೆ ಕಲಿಸುವುದು. ಕಲಿಸುವುದು ಅಂದರೆ ತರಗತಿಯ ಪಾಠ ಅಲ್ಲ, ಓದು ಬರಹ ಲೆಕ್ಕದ ಬುನಾದಿ. ಇದನ್ನು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ದುಫ್ಲೋ ಮತ್ತು ಜೊತೆಗಾರರು ಅಳೆದು 2007ರಲ್ಲಿ ಪ್ರಕಟಿಸಿದರು. ಎರಡನೇ ವರ್ಷದ ಕೊನೆಗೆ ಸರಾಸರಿ ಅಂಕ 0.28 ಸ್ಟ್ಯಾಂಡರ್ಡ್ ಡೀವಿಯೇಷನ್ (ಮಕ್ಕಳ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವುದರ ಅಳತೆ) ಏರಿತ್ತು. ಶಿಕ್ಷಣದ ಪ್ರಯೋಗಗಳಲ್ಲಿ ಇದು ದೊಡ್ಡ ಏರಿಕೆ. ಹೆಚ್ಚು ಏರಿದ್ದು ತೀರಾ ಕೆಳಗಿದ್ದ ಮಕ್ಕಳೇ. ನನಗೆ ಇದರಲ್ಲಿ ಜಾಸ್ತಿ ಹಿಡಿಸಿದ ವಿಷಯ ಬೇರೆ. ಆ ಮಕ್ಕಳು ಎದ್ದು ಹೋದ ಮೇಲೆ ತರಗತಿಯಲ್ಲಿ ಉಳಿದವರಿಗೆ ಗುಂಪು ಚಿಕ್ಕದಾಯಿತು, ಟೀಚರಿಗೆ ಕೆಲಸ ಹಗುರಾಯಿತು. ಆದರೂ ಅವರ ಕಲಿಕೆಯಲ್ಲಿ ಬದಲಾವಣೆ ಕಾಣಲಿಲ್ಲ. ಅಂದರೆ ಮಕ್ಕಳ ಸಂಖ್ಯೆ ಇಳಿದದ್ದರಿಂದ ಆದ ಲಾಭ ಇದಲ್ಲ. ಮಗುವಿಗೆ ಎಲ್ಲಿಯವರೆಗೆ ಗೊತ್ತೋ ಅಲ್ಲಿಂದ ಪಾಠ ಶುರುವಾದದ್ದರಿಂದ ಆದದ್ದು.

ಇದೇ ಮುಂದೆ 'ಸರಿಯಾದ ಮಟ್ಟದಲ್ಲಿ ಬೋಧನೆ' ಅನ್ನುವ ವಿಧಾನವಾಯಿತು. ಜಾಂಬಿಯಾ ಇದನ್ನು 'ಕ್ಯಾಚ್ ಅಪ್' ಅನ್ನುವ ಹೆಸರಲ್ಲಿ 2016ರಲ್ಲಿ ಪ್ರಯೋಗವಾಗಿ ಶುರು ಮಾಡಿತು. ಬ್ಯಾನರ್ಜಿ, ದುಫ್ಲೋ, ಕ್ರೆಮರ್ ಮೂವರಿಗೂ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಾಗ ಈ ಕೆಲಸದ ಪ್ರಸ್ತಾಪವೂ ಬಂತು. ಇಷ್ಟೆಲ್ಲ ನಿಮಗೆ ಗೊತ್ತಿರುತ್ತದೆ. ಹಲವು ಕಾರ್ಯಕ್ರಮಗಳ ಮುನ್ನುಡಿಯಲ್ಲಿ ಇದರ ಉಲ್ಲೇಖ ಇರುತ್ತದೆ. ಮುನ್ನುಡಿ ದಾಟಿ ವೇಳಾಪಟ್ಟಿಗೆ ಬರುವುದಿಲ್ಲ ಅನ್ನುವುದೇ ನನ್ನ ದೂರು.

ಹಾಗಾಗಿ ನಾನು ಕೇಳುವುದು ಇಷ್ಟು. ಮೂರನೇ ತರಗತಿಯಿಂದ ಐದನೇ ತರಗತಿಯವರೆಗೆ ದಿನಕ್ಕೆ ಒಂದು ಗಂಟೆ ಲೆಕ್ಕಕ್ಕೆ ಮೀಸಲಿಡಿ. ಶಾಲೆಯ ಸಮಯದಲ್ಲೇ, ಬೆಳಿಗ್ಗೆ ಮಕ್ಕಳ ತಲೆ ಹಸನಾಗಿರುವಾಗ. ಸಂಜೆ ಎಲ್ಲರೂ ಆಡುವಾಗ ಇವರನ್ನು ಮಾತ್ರ ಕೂರಿಸಿದರೆ ಅದು ಶಿಕ್ಷೆ ಆಗುತ್ತದೆ. ಆ ಗಂಟೆಯಲ್ಲಿ ತರಗತಿಯ ಗೋಡೆ ಇರಬಾರದು. ಮೂರನೇ ತರಗತಿಯ ಮಗುವೂ ಐದನೇ ತರಗತಿಯ ಮಗುವೂ ಹತ್ತರ ಕಟ್ಟು ಕಲಿಯಬೇಕಿದ್ದರೆ ಒಟ್ಟಿಗೆ ಕೂರಲಿ.

ಯಾರು ಎಲ್ಲಿ ಕೂರಬೇಕು ಅಂತ ತಿಳಿಯಲು ದೊಡ್ಡ ಪ್ರಶ್ನೆಪತ್ರಿಕೆ ಬೇಡ. ಗ್ರಾಮೀಣ ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತದೆ ಅಂತ ಅಳೆಯಲು ಭಾರತದಲ್ಲಿ 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯ ಲೆಕ್ಕದ ಹಾಳೆ ನೋಡಿ. ಒಂದಂಕಿ ಗುರುತಿಸುವುದು, ಎರಡಂಕಿ ಗುರುತಿಸುವುದು, ದಶಕ ಬಿಡಿಸಿ ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಅಷ್ಟೇ ಇರುವುದು. ಒಂದು ಮಗುವಿನ ಪಕ್ಕ ಕೂತು ಕೆಲವೇ ನಿಮಿಷದಲ್ಲಿ ಕೇಳಬಹುದು. ಅಷ್ಟು ಸರಳ ಹಾಳೆ ಹೇಳುವ ಸತ್ಯ ಮಾತ್ರ ಸಣ್ಣದಲ್ಲ. 2024ರ ವರದಿಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಐದನೇ ತರಗತಿಯ 30.7% ಮಕ್ಕಳು ಮಾತ್ರ ಆ ಭಾಗಾಕಾರ ಮಾಡಿದರು. ಇದು 2022ರ 25.6% ಗಿಂತ ವಾಸಿ, ನಿಜ. ಆದರೂ ಹತ್ತರಲ್ಲಿ ಏಳು ಮಕ್ಕಳಿಗೆ ಬರುವುದಿಲ್ಲ ಅಂದ ಹಾಗಾಯಿತು.

ನಾನು ಆ ಹಾಳೆಗೆ ಒಂದೇ ಒಂದು ಪ್ರಶ್ನೆ ಸೇರಿಸುತ್ತೇನೆ: 'ಹೇಗೆ ಮಾಡಿದೆ, ಹೇಳು ನೋಡೋಣ.' ಉತ್ತರ ಸರಿ ಇದ್ದಾಗಲೂ ಕೇಳಬೇಕು. ತಪ್ಪಾದಾಗ ಮಾತ್ರ ಕೇಳಿದರೆ ಮಕ್ಕಳು ಜಾಣರು, ಪ್ರಶ್ನೆ ಬಂತು ಅಂದರೆ ತಪ್ಪಾಗಿದೆ ಅಂತ ತಿಳಿದು ತಕ್ಷಣ ಅಳಿಸಿಬಿಡುತ್ತಾರೆ.

ಇನ್ನು ಆ ಒಂದು ಗಂಟೆಯಲ್ಲಿ ಏನು ನಡೆಯಬೇಕು? 45 ಬರೆದ ಮಗುವಿನ ಮುಂದೆ ಹತ್ತು ಹತ್ತು ಕಡ್ಡಿಯ ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿ ಇಡಿ. ಇದರಲ್ಲಿ ಹದಿನೇಳು ಕೊಡು ಅನ್ನಿ. ಒಂದು ಕಟ್ಟು ಕೊಡುತ್ತದೆ. ಏಳು ಬಿಡಿ ಬೇಕು, ಇರುವುದು ಎರಡೇ. ಸ್ವಲ್ಪ ಹೊತ್ತು ಸುಮ್ನೆ ನೋಡುತ್ತದೆ. ಆಗ ಟೀಚರೂ ಸುಮ್ಮನಿರಬೇಕು. ಇದು ಕಲಿಸುವ ಕೆಲಸದಲ್ಲೇ ಕಷ್ಟದ ಭಾಗ. ಸ್ವಲ್ಪ ಕಾದರೆ ಹೆಚ್ಚಿನ ಮಕ್ಕಳು ತಾವೇ ಒಂದು ಕಟ್ಟು ಬಿಚ್ಚುತ್ತಾರೆ. ಬಿಚ್ಚಿದ ಆ ಕಟ್ಟೇ ಬರಹದ ಲೆಕ್ಕದಲ್ಲಿ ನಾವು 5 ಹೊಡೆದು 4 ಮಾಡಿ, 2ನ್ನು 12 ಮಾಡುವುದು. ಆಮೇಲೆ ಅದನ್ನು ಚಿತ್ರವಾಗಿ ಬರೆಸಿ. ಕೊನೆಗೆ ಅಂಕಿ. ವಸ್ತು, ಚಿತ್ರ, ಅಂಕಿ ಅನ್ನುವ ಈ ಕ್ರಮ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಹೇಳಿದ ವಿಚಾರದಿಂದ ಬಂದದ್ದು, ಸಿಂಗಪುರದ ಗಣಿತ ಪಠ್ಯ ನಿಂತಿರುವುದೂ ಇದರ ಮೇಲೆಯೇ. ನಮ್ಮ ಕಿಟ್‌ಗಳಲ್ಲಿ ಕಡ್ಡಿ, ಮಣಿ ಎಲ್ಲ ಇರುತ್ತವೆ. ಹಾಳಾದರೆ ಯಾರು ಜವಾಬ್ದಾರಿ ಅನ್ನುವ ಭಯದಲ್ಲಿ ಬೀರುವಿನೊಳಗೆ ಇರುತ್ತವೆ. ದಯವಿಟ್ಟು ಒಂದು ಆದೇಶ ಮಾಡಿ: ಕಿಟ್ ಸವೆದಿರಬೇಕು.

17ರಿಂದ 20ಕ್ಕೆ 3, 20ರಿಂದ 50ಕ್ಕೆ 30, ಇನ್ನೆರಡು ಸೇರಿದರೆ 35 ಅಂತ ಬಾಯಲ್ಲೇ ಮಾಡುವ ಮಗುವೂ ಇರುತ್ತದೆ. ಅದಕ್ಕೆ ಪೂರ್ತಿ ಅಂಕ ಕೊಡಿ. 'ಪುಸ್ತಕದಲ್ಲಿರುವ ಹಾಗೆ ಮಾಡು' ಅಂತ ಅದನ್ನು ಹಿಂದಕ್ಕೆ ಎಳೆಯಬೇಡಿ.

ಈ ಮಾತನ್ನು ಸ್ವಲ್ಪ ಬೆಳೆಸಬೇಕು, ಯಾಕೆಂದರೆ ಕಾರ್ಯಕ್ರಮಗಳಲ್ಲಿ ಇದು ಪೂರ್ತಿ ಬಿಟ್ಟುಹೋಗುತ್ತದೆ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿಯಲ್ಲಿ ವ್ಯಾಪಾರ ಮಾಡುವ ಐದು ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 1985ರಲ್ಲಿ ಪ್ರಕಟವಾಯಿತು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಆ ಮಕ್ಕಳು 98% ಸರಿ ಹೇಳಿದರು. ಅದೇ ಲೆಕ್ಕಗಳನ್ನು ಬರೀ ಅಂಕಿಯಾಗಿ ಕೊಟ್ಟು ಮಾಡಿಸಿದಾಗ ಅದು 37%ಕ್ಕೆ ಇಳಿಯಿತು. ಇದು ತುಂಬಾ ಚಿಕ್ಕ ಅಧ್ಯಯನ ಅಂತ ಹೇಳಬಹುದು. ಆದರೆ 2025ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಅಧ್ಯಯನ ದೊಡ್ಡದು. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳು ಹಲವು ಸಾಮಾನಿನ ಲೆಕ್ಕವನ್ನು ಕಾಗದವಿಲ್ಲದೆ ಮಾಡುತ್ತಿದ್ದರು, ಶಾಲೆಯ ರೀತಿಯ ಸರಳ ಲೆಕ್ಕದಲ್ಲಿ ಸೋಲುತ್ತಿದ್ದರು. ಶಾಲೆಯಲ್ಲಿ ಮಾತ್ರ ಓದುವ ಮಕ್ಕಳದ್ದು ತಿರುಗಾಮುರುಗಾ: ಕಾಗದದ ಲೆಕ್ಕ ಬರುತ್ತಿತ್ತು, ವ್ಯಾಪಾರದ ಲೆಕ್ಕ ಕೈಕೊಡುತ್ತಿತ್ತು. ಅಂದರೆ ಒಂದು ಕಡೆಯ ಲೆಕ್ಕ ಇನ್ನೊಂದು ಕಡೆಗೆ ತಾನಾಗಿ ಹೋಗುವುದಿಲ್ಲ. ಸೇತುವೆ ನಾವೇ ಕಟ್ಟಬೇಕು. ನಿಮ್ಮ ಪರೀಕ್ಷೆ ಕಾಗದದ್ದೊಂದೇ ಆಗಿರುವವರೆಗೆ ಬಾಯಿಲೆಕ್ಕ ಬರುವ ಮಗು ನಿಮ್ಮ ಪಟ್ಟಿಯಲ್ಲಿ ದಡ್ಡನಾಗಿಯೇ ಇರುತ್ತದೆ.

ಚಿಕ್ಕ ತರಗತಿಗಳಿಗೆ ಇನ್ನೂ ಸುಲಭದ ದಾರಿ ಇದೆ. ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ ಬಡ ಕುಟುಂಬಗಳ ಪುಟ್ಟ ಮಕ್ಕಳಿಗೆ 1ರಿಂದ 10ರವರೆಗೆ ಸಾಲಾಗಿ ಚೌಕಗಳಿದ್ದ ಒಂದು ಆಟ ಆಡಿಸಿದರು. ಎರಡು ವಾರದಲ್ಲಿ ನಾಲ್ಕು ಸಲ, ಪ್ರತಿ ಸಲ ಹದಿನೈದು ನಿಮಿಷದಷ್ಟು. ಒಟ್ಟು ಒಂದು ಗಂಟೆ. ಎಣಿಕೆ, ಅಂಕಿ ಗುರುತಿಸುವುದು, ಯಾವುದು ದೊಡ್ಡದು ಅನ್ನುವುದು, ಎಲ್ಲ ಸುಧಾರಿಸಿತು. ಒಂಬತ್ತು ವಾರದ ನಂತರವೂ ಉಳಿದಿತ್ತು. 2008ರಲ್ಲಿ ಇದು ಪ್ರಕಟವಾಯಿತು. ಚೌಕಗಳಲ್ಲಿ ಅಂಕಿಯ ಬದಲು ಬರೀ ಬಣ್ಣ ಇದ್ದಾಗ ಈ ಲಾಭ ಆಗಲಿಲ್ಲ. ಮುಂದಿನ ಪ್ರಯೋಗದಲ್ಲಿ ಅಂಕಿಗಳನ್ನು ಸಾಲಾಗಿ ಇಡದೆ ಗುಂಡಗೆ ಇಟ್ಟು ನೋಡಿದರು. ಆಗಲೂ ಅಷ್ಟು ಲಾಭ ಕಾಣಲಿಲ್ಲ. ಸಾಲಿನಲ್ಲಿ ಮುಂದೆ ಹೋದಷ್ಟೂ ದೂರ, ಸಮಯ, ಎಣಿಕೆ ಎಲ್ಲ ಹೆಚ್ಚುತ್ತದೆ. ಸಂಖ್ಯೆ ದೊಡ್ಡದಾಗುವುದು ಅಂದರೆ ಏನು ಅಂತ ಕೈಗೇ ತಿಳಿಯುತ್ತದೆ. ಕಿಟ್ ಮಾಡುವವರು ಇಂಥ ಸಣ್ಣ ವಿಷಯ ನೋಡಿ ಮಾಡಿದರೆ ಚೆನ್ನ. ಬಣ್ಣ ಬಣ್ಣವಾಗಿದ್ದರೆ ಸಾಕು ಅನ್ನುವ ಹಾಗಿಲ್ಲ.

ಬೆರಳೆಣಿಕೆಯನ್ನು ನಿಷೇಧಿಸಬೇಡಿ. ಮಗ್ಗಿ ಬೇಡ ಅನ್ನುವವಳೂ ನಾನಲ್ಲ, ಬಾಯಿಗೆ ಬಂದರೆ ಭಾಗಾಕಾರ ಹಗುರಾಗುತ್ತದೆ. ಆದರೆ ಆರು ಏಳ್ಲಿ ನಲವತ್ತೆರಡು ಅಂದರೆ ಏಳರ ಆರು ಗುಂಪು ಅಂತ ತಿಳಿಯದ ಮಗುವಿಗೆ ಅದು ಬರೀ ರಾಗ. ಆ್ಯಪ್, ಟ್ಯಾಬ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಂದು ಉದಾಹರಣೆ ಸಾಕು. ಕೋವಿಡ್‌ನಲ್ಲಿ ಶಾಲೆ ಮುಚ್ಚಿದ್ದಾಗ ಬೋಟ್ಸ್ವಾನಾದಲ್ಲಿ ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಲೆಕ್ಕದ ಎಸ್‌ಎಂಎಸ್ ಮಾತ್ರ ಕಳಿಸಿದರು. ಇನ್ನು ಕೆಲವರಿಗೆ ಎಸ್‌ಎಂಎಸ್ ಜೊತೆ ಫೋನ್ ಮಾಡಿ ಮಗುವಿನ ಜೊತೆ ಮಾತಾಡಿದರು. ಕಲಿಕೆಯಲ್ಲಿ ಸ್ಪಷ್ಟ ಸುಧಾರಣೆ ಕಂಡದ್ದು ಫೋನ್ ಮಾಡಿದ ಕಡೆ. ಸಾಧನ ಸಾಮಾನ್ಯ ಫೋನೇ. ಆ ಕಡೆಯಿಂದ ಒಬ್ಬರು ಕೇಳುತ್ತಿದ್ದರು ಅನ್ನುವುದೇ ವ್ಯತ್ಯಾಸ.

ಒಂದು ಎಚ್ಚರಿಕೆ ಹೇಳಲೇಬೇಕು. ಮಟ್ಟದ ಗುಂಪು ಬಹಳ ಬೇಗ 'ದಡ್ಡರ ಗುಂಪು' ಆಗಿಬಿಡುತ್ತದೆ. ಮಕ್ಕಳಿಗೆ ಇದು ಎರಡೇ ದಿನದಲ್ಲಿ ಗೊತ್ತಾಗುತ್ತದೆ. ತಪ್ಪಿಸಲು ಇರುವ ಉಪಾಯ ಗುಂಪಿಗೆ ಚಂದದ ಹೆಸರಿಡುವುದಲ್ಲ. ಕೆಲವು ವಾರಕ್ಕೊಮ್ಮೆ ಮತ್ತೆ ಕೇಳಿ, ಮಗು ಕಲಿತ ತಕ್ಷಣ ಮುಂದಿನ ಗುಂಪಿಗೆ ಕಳಿಸುವುದು. ಓಡಾಟ ಇರುವ ಗುಂಪಿಗೆ ಹಣೆಪಟ್ಟಿ ಅಂಟುವುದಿಲ್ಲ. ಎಷ್ಟು ಕಲಿಸಿದರೂ ಅಂಕಿಗಳ ಜೊತೆ ಒದ್ದಾಡುವ ಕೆಲವು ಮಕ್ಕಳೂ ಇರುತ್ತಾರೆ. ಡಿಸ್‌ಕ್ಯಾಲ್ಕುಲಿಯಾ, ಅಂದರೆ ಅಂಕಿ ಲೆಕ್ಕ ಗ್ರಹಿಸುವುದೇ ಕಷ್ಟವಾಗುವ ಕಲಿಕೆಯ ತೊಂದರೆ, ಇರುವವರು ಅವರಲ್ಲಿರಬಹುದು. ಅವರಿಗೆ ಪರಿಣತರ ನೆರವು ಬೇಕು. ಆದರೆ ಕಲಿಸದೇ ಬಿಟ್ಟ ಮಕ್ಕಳಿಗೆಲ್ಲ ಆ ಹೆಸರು ಹಚ್ಚಿ ಕೈತೊಳೆದುಕೊಳ್ಳುವ ಹಾಗಾಗಬಾರದು.

ತರಬೇತಿಯ ಬಗ್ಗೆಯೂ ಒಂದು ಮಾತು. ಸಭಾಂಗಣದಲ್ಲಿ ಕೂತು ಸ್ಲೈಡ್ ನೋಡಿ ಬಂದ ಶಿಕ್ಷಕರಿಗೆ ಸೋಮವಾರ ಬೆಳಿಗ್ಗೆ ಮೂವತ್ತು ಮಕ್ಕಳ ಮುಂದೆ ಅದು ನೆನಪಿಗೆ ಬರುವುದಿಲ್ಲ. ತರಬೇತಿ ಕೊಡುವವರು ನಮ್ಮ ತರಗತಿಗೇ ಬರಲಿ, ನಮ್ಮ ಮಕ್ಕಳಿಗೆ ಒಂದು ಪಾಠ ಮಾಡಿ ತೋರಿಸಲಿ, ನಾವು ಮಾಡುವುದನ್ನೂ ನೋಡಲಿ. ಭೇಟಿಗೆ ಬರುವ ಮೇಲ್ವಿಚಾರಕರು ದಾಖಲೆ ಪುಸ್ತಕ ಕೇಳುವ ಮೊದಲು ನಾಲ್ಕು ಮಕ್ಕಳ ಜೊತೆ ನೆಲದ ಮೇಲೆ ಕೂತು ಲೆಕ್ಕ ಕೇಳಲಿ. ಫೋಟೋ ಅಪ್‌ಲೋಡ್ ಮಾಡಲು ಹೋಗುವ ಸಮಯ ಉಳಿದರೆ ಅದರಲ್ಲೇ ಒಂದು ಗುಂಪಿಗೆ ಪಾಠ ಆಗುತ್ತದೆ. ಹಾಗೆಯೇ, ಫಲಿತಾಂಶ ಕೆಟ್ಟದಾಗಿ ಬಂದ ಶಾಲೆಗೆ ನೋಟಿಸ್ ಕಳಿಸುವುದು ನಿಲ್ಲಲಿ. ನೋಟಿಸ್ ಬರುತ್ತದೆ ಅಂತ ಗೊತ್ತಾದರೆ ಮುಂದಿನ ಸಲ ಎಲ್ಲ ಮಕ್ಕಳಿಗೂ ಭಾಗಾಕಾರ ಬರುತ್ತದೆ, ಕಾಗದದ ಮೇಲೆ. ಇದು ನಿಮಗೂ ಗೊತ್ತು, ನಮಗೂ ಗೊತ್ತು.

ಇಷ್ಟಕ್ಕೆ ದುಡ್ಡು ಎಷ್ಟು ಅಂತ ನೀವು ಕೇಳಬಹುದು. ಕಡ್ಡಿ, ಹಾಳೆ, ಒಂದು ಸಂಖ್ಯಾಪಟ್ಟಿ, ತರಗತಿಗೆ ಬಂದು ಹೋಗುವ ತರಬೇತುದಾರರ ಓಡಾಟ. ದುಡ್ಡಿಗಿಂತ ದುಬಾರಿಯಾದದ್ದು ಸಮಯ. ದಿನಕ್ಕೆ ಒಂದು ಗಂಟೆ ಲೆಕ್ಕಕ್ಕೆ ಹೋದರೆ ಪಠ್ಯದ ಯಾವುದೋ ಭಾಗ ಹಿಂದೆ ಬೀಳುತ್ತದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಯಾವ ಪಾಠ ಕಡಿಮೆ ಮಾಡಬಹುದು ಅನ್ನುವುದನ್ನು ನೀವೇ ಕೂತು ತೀರ್ಮಾನಿಸಿ ತಿಳಿಸಿ. ಅದನ್ನು ಶಾಲೆಯ ತಲೆಗೆ ಕಟ್ಟಿದರೆ ಪ್ರತಿ ಶಾಲೆಯೂ ಗುಟ್ಟಾಗಿ ಕಡಿತ ಮಾಡುತ್ತದೆ, ಮೊದಲು ಕಡಿತವಾಗುವುದು ಆ ಒಂದು ಗಂಟೆಯೇ.

ಆದ್ದರಿಂದ ಮುಂದಿನ ಕಾರ್ಯಕ್ರಮದ ಸುತ್ತೋಲೆ ಹೊರಡುವಾಗ ಅದರಲ್ಲಿ ಈ ಸಾಲು ಸೇರಿಸಿ: 'ಲೆಕ್ಕದ ಗಂಟೆಯ ಕಾರಣಕ್ಕೆ ಪಠ್ಯ ಮುಗಿಯದಿದ್ದರೆ ಯಾವ ಶಿಕ್ಷಕರಿಂದಲೂ ವಿವರಣೆ ಕೇಳತಕ್ಕದ್ದಲ್ಲ.' ಕೆಳಗೆ ನಿಮ್ಮ ಸಹಿ ಇರಲಿ.

ಇಂತಿ,
ಪ್ರಾಥಮಿಕ ಶಾಲೆಯ ಒಬ್ಬ ಗಣಿತ ಶಿಕ್ಷಕಿ